ಹಳೆ ಮನೆಗೆ ಹೊಸ ವೈರಿಂಗ್: ಎಲೆಕ್ಟ್ರಿಷಿಯನ್ ಆಯ್ಕೆಯಿಂದ ಕೊನೆಯ ಟೆಸ್ಟ್‌ವರೆಗೆ

ಗೋಡೆಯ ಮೇಲೆ ತೇಗದ ಪಟ್ಟಿ, ಅದಕ್ಕೆ ತಗಡಿನ ಕ್ಲಿಪ್ಪು ಬಡಿದು ಎಳೆದ ವೈರು, ಮರದ ಬೋರ್ಡಿನಲ್ಲಿ ಕರಿ ದುಂಡು ಸ್ವಿಚ್ಚು, ಮೀಟರಿನ ಪಕ್ಕದಲ್ಲಿ ಪಿಂಗಾಣಿ ಫ್ಯೂಸು. 1960–80ರ ನಡುವೆ ಕಟ್ಟಿದ ಎಷ್ಟೋ ಮನೆಗಳಲ್ಲಿ ಇವತ್ತಿಗೂ ಇದೇ ಇದೆ. ಅದನ್ನು ಮಾಡಿದವರು ತಪ್ಪು ಮಾಡಿರಲಿಲ್ಲ. ನಾಲ್ಕು ಬಲ್ಬು, ಎರಡು ಫ್ಯಾನು, ಒಂದು ರೇಡಿಯೊಗೆ ಅಷ್ಟು ಧಾರಾಳವಾಗಿತ್ತು. ಈಗ ಅದೇ ವೈರಿನ ಮೇಲೆ ಗೀಸರ್, ಇಂಡಕ್ಷನ್ ಒಲೆ, ವಾಷಿಂಗ್ ಮಷೀನ್, ಸ್ಕೂಟರ್ ಚಾರ್ಜರ್ ಬಂದು ಕೂತಿವೆ.

ವೈರಿಂಗ್ ಬದಲಿಸಲು ಹೊರಟವರು ಮೊದಲು ಅಂಗಡಿಗೆ ಹೋಗಿ ಸ್ವಿಚ್ಚಿನ ಡಿಸೈನ್ ನೋಡುತ್ತಾರೆ. ಅದು ಕಟ್ಟಕಡೆಗೆ ನೋಡಬೇಕಾದದ್ದು. ಗಾರೆ ಮುಚ್ಚಿದ ಮೇಲೆ ಕಣ್ಣಿಗೇ ಬೀಳದ ಮೂರು ಸಂಗತಿಗಳಿವೆ: ಅರ್ಥಿಂಗ್ (ಸೋರಿದ ಕರೆಂಟನ್ನು ನೆಲಕ್ಕಿಳಿಸುವ ದಾರಿ), ನ್ಯೂಟ್ರಲ್ (ಕರೆಂಟ್ ವಾಪಸಾಗುವ ವೈರು), ಜಾಯಿಂಟ್. ದುಡ್ಡೂ ಗಮನವೂ ಹೋಗಬೇಕಾದದ್ದು ಅಲ್ಲಿಗೆ. ಒಳ್ಳೆಯ ಎಲೆಕ್ಟ್ರಿಷಿಯನ್ ಯಾರೆಂದು ಗೊತ್ತಾಗುವುದೂ ಅಲ್ಲೇ.

ಪೂರ್ತಿ ಬದಲಿಸಬೇಕೆ, ಅರ್ಧ ಸಾಕೆ?

ಪೂರ್ತಿ ಕಿತ್ತು ಹೊಸದು ಹಾಕಲೇಬೇಕಾದ ಮನೆಗಳನ್ನು ಗುರುತಿಸುವುದು ಕಷ್ಟವಲ್ಲ. ಮೇನ್ ಆಫ್ ಮಾಡಿ ಒಂದು ಸ್ವಿಚ್ ಬೋರ್ಡ್ ಬಿಚ್ಚಿಸಿ. ವೈರನ್ನು ಬಗ್ಗಿಸಿದಾಗ ಮೇಲಿನ ರಬ್ಬರು ಪುಡಿಪುಡಿಯಾಗಿ ಉದುರಿದರೆ ಬೇರೆ ಮಾತೇ ಬೇಡ. ಒಳಗೆ ಬೆಳ್ಳಗಿನ ಅಲ್ಯೂಮಿನಿಯಂ ಕಂಡರೂ ಅಷ್ಟೆ. ಅಲ್ಯೂಮಿನಿಯಂ ಮೆದು ಲೋಹ. ಸ್ಕ್ರೂ ಅಡಿಯಲ್ಲಿ ವರ್ಷಗಟ್ಟಲೆ ಒತ್ತಡಕ್ಕೆ ನಿಧಾನವಾಗಿ ಹರಡಿಕೊಳ್ಳುತ್ತದೆ, ಬಿಗಿ ಸಡಿಲವಾಗುತ್ತದೆ. ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪದರ ಕರೆಂಟಿಗೆ ಅಡ್ಡಬರುತ್ತದೆ. ಜಾಯಿಂಟ್ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಇನ್ನಷ್ಟು ಸಡಿಲವಾಗುತ್ತದೆ. ಇಂಥ ವೈರಿಗೆ ಹೊಸ ತಾಮ್ರದ ವೈರನ್ನು ಹೆಣೆದು ಟೇಪ್ ಸುತ್ತಿದರೆ ಬೆಂಕಿ ಹತ್ತಲು ಜಾಗ ಮಾಡಿಕೊಟ್ಟಂತೆ.

ಇನ್ನೆರಡು ಅಪಾಯಗಳು ಬೋರ್ಡ್ ಬಿಚ್ಚದೆ ತಿಳಿಯುವುದಿಲ್ಲ. ಒಂದು, ನ್ಯೂಟ್ರಲ್ ಮೇಲೂ ಫ್ಯೂಸ್ ಇರುವುದು. ಹಳೆ ಮೇನ್ ಬೋರ್ಡುಗಳಲ್ಲಿ ಎರಡೂ ವೈರಿಗೆ ಪಿಂಗಾಣಿ ಫ್ಯೂಸ್ ಹಾಕುವ ರೂಢಿ ಇತ್ತು. ನ್ಯೂಟ್ರಲ್ ಫ್ಯೂಸ್ ಮೊದಲು ಹೋದರೆ ಮನೆ ಕತ್ತಲಾಗುತ್ತದೆ, ಆದರೆ ಪ್ರತಿ ಹೋಲ್ಡರ್‌ವರೆಗೂ ಫೇಸ್, ಅಂದರೆ ಕರೆಂಟ್ ತರುವ ವೈರು, ಹಾಗೇ ಇರುತ್ತದೆ. ಕರೆಂಟಿಲ್ಲ ಎಂದು ನಂಬಿ ಕೈಹಾಕಿದವರಿಗೆ ಶಾಕ್. ಎರಡನೆಯದು ಇನ್ನೂ ಕೆಟ್ಟದ್ದು: ಮನೆಗೆ ಅರ್ಥ್ ವೈರೇ ಇಲ್ಲದಿದ್ದಾಗ ಯಾರೋ ಸಾಕೆಟ್ಟಿನ ಮೂರನೇ ಪಿನ್ನನ್ನು ನ್ಯೂಟ್ರಲ್‌ಗೆ ಜೋಡಿಸಿಬಿಟ್ಟಿರುವುದು. ಎಲ್ಲ ಸರಿ ಇರುವತನಕ ಏನೂ ಗೊತ್ತಾಗದು. ಆ ನ್ಯೂಟ್ರಲ್ ಎಲ್ಲಾದರೂ ತುಂಡಾದ ಗಳಿಗೆಯಲ್ಲಿ ಗ್ರೈಂಡರ್, ಫ್ರಿಜ್, ವಾಷಿಂಗ್ ಮಷೀನಿನ ಮೈಗೆಲ್ಲ 230 ವೋಲ್ಟ್ ಬರುತ್ತದೆ.

ಅರ್ಧ ಬದಲಾವಣೆ ಸಾಕಾಗುವುದು 1990ರ ಆಚೆಗಿನ ಮನೆಗಳಿಗೆ. ಪೈಪಿನೊಳಗೆ ಪಿವಿಸಿ ತಾಮ್ರದ ವೈರಿದ್ದು, ಅದು ಮೆಗ್ಗರ್ (ವೈರಿನ ಸಿಪ್ಪೆ ಎಲ್ಲಾದರೂ ಸೋರುತ್ತಿದೆಯೇ ಎಂದು ಅಳೆಯುವ ಮೀಟರ್) ಟೆಸ್ಟಿನಲ್ಲಿ ಪಾಸಾದರೆ ಲೈಟು–ಫ್ಯಾನಿನ ಲೈನುಗಳನ್ನು ಹಾಗೇ ಬಿಡಬಹುದು. ಹೊಸ ಡಿಬಿ (ಮನೆಯ ಎಲ್ಲ ಲೈನುಗಳೂ ಕವಲೊಡೆಯುವ ಪೆಟ್ಟಿಗೆ), ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಬೀಳುವ ಸ್ವಿಚ್ಚು), ಹೊಸ ಅರ್ಥ್ ಗುಂಡಿ, ಅಡುಗೆಮನೆ–ಬಚ್ಚಲಿಗೆ ಪ್ರತ್ಯೇಕ ಪವರ್ ಲೈನು ಇಷ್ಟನ್ನು ಮಾಡಿಸಿ. ಹಳೆ ಪೈಪಿನಲ್ಲಿ ಅರ್ಥ್ ವೈರ್ ಎಳೆಯಲು ಜಾಗ ಇದೆಯೇ ಎಂಬುದೊಂದೇ ಅಲ್ಲಿ ಪ್ರಶ್ನೆ.

ಲೋಡ್ ಲೆಕ್ಕ: ಎಲೆಕ್ಟ್ರಿಷಿಯನ್ ಬರುವ ಮುಂಚೆ

ಒಂದು ಹಾಳೆಯಲ್ಲಿ ಮನೆಯ ಎಲ್ಲ ಸಾಮಾನು, ಅದರ ವ್ಯಾಟ್ ಬರೆಯಿರಿ. ಮುಂದಿನ ಐದು ವರ್ಷದಲ್ಲಿ ಕೊಳ್ಳಬಹುದಾದದ್ದನ್ನೂ ಸೇರಿಸಿ. ಎರಡು ಬೆಡ್‌ರೂಮಿನ ಮನೆಯೊಂದರ ಲೆಕ್ಕ ಹೀಗಿರಬಹುದು: ಹತ್ತು ಎಲ್‌ಇಡಿ 90, ನಾಲ್ಕು ಫ್ಯಾನು 300, ಫ್ರಿಜ್ 200, ಟಿವಿ 100, ಮಿಕ್ಸಿ 750, ಇಸ್ತ್ರಿ ಪೆಟ್ಟಿಗೆ 1000, ಹೀಟರ್ ಇರುವ ವಾಷಿಂಗ್ ಮಷೀನ್ 2000, ಗೀಸರ್ 2000, ಇಂಡಕ್ಷನ್ 2000, ಒಂದು ಎಚ್‌ಪಿ ಪಂಪು 750, ಒಂದೂವರೆ ಟನ್ ಎಸಿ 1600. ಒಟ್ಟು 10,790 ವ್ಯಾಟ್.

ಎಲ್ಲವೂ ಒಟ್ಟಿಗೆ ಓಡುವುದಿಲ್ಲ. ಬೆಳಗ್ಗೆ ಏಳು ಗಂಟೆಯ ಚಿತ್ರ ಕಣ್ಣಮುಂದೆ ತಂದುಕೊಳ್ಳಿ: ಗೀಸರ್ ಆನ್, ಒಲೆಯ ಮೇಲೆ ಇಡ್ಲಿ ಪಾತ್ರೆ, ಟ್ಯಾಂಕಿಗೆ ನೀರು ಏರುತ್ತಿದೆ, ಯಾರೋ ಶರಟು ಇಸ್ತ್ರಿ ಮಾಡುತ್ತಿದ್ದಾರೆ. ಅಷ್ಟಕ್ಕೇ 5750 ವ್ಯಾಟ್. ಫ್ರಿಜ್, ಫ್ಯಾನು, ಲೈಟು ಸೇರಿ ಇನ್ನೊಂದು 600. 6350ನ್ನು 230ರಿಂದ ಭಾಗಿಸಿದರೆ 27.6 ಆಂಪಿಯರ್. ಈಗ ಕರೆಂಟ್ ಬಿಲ್ ತೆಗೆದು ಮಂಜೂರಾದ ಲೋಡ್ ಎಷ್ಟಿದೆ ನೋಡಿ. ಹಳೆ ಮನೆಗಳಲ್ಲಿ ಒಂದೋ ಎರಡೋ ಕಿಲೋವ್ಯಾಟ್ ಇರುವುದು ಸಾಮಾನ್ಯ. ಅಂದರೆ ಒಳಗಿನ ವೈರಿಂಗ್ ಜೊತೆಗೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಮೈಸೂರಿನ ಸೆಸ್ಕ್, ನಿಮ್ಮ ಕಂಪನಿ ಯಾವುದೋ ಅದಕ್ಕೆ ಹೆಚ್ಚುವರಿ ಲೋಡಿನ ಅರ್ಜಿಯೂ ಹೋಗಬೇಕು. ಲೋಡ್ ಏರಿದರೆ ತಿಂಗಳ ನಿಗದಿತ ಶುಲ್ಕವೂ ಏರುತ್ತದೆ. ಆ ಕಾರಣಕ್ಕೇ ಇದನ್ನು ಮುಚ್ಚಿಡುವವರಿದ್ದಾರೆ. ಬಿಸಿಯಾಗುವುದು ಮಾತ್ರ ಕಂಬದಿಂದ ಅವರ ಮನೆಗೆ ಬರುವ ಸರ್ವಿಸ್ ವೈರು.

ಯಾರನ್ನು ಕರೆಯಬೇಕು

ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಇದ್ದಂತೆಯೇ ಬದಲಿಸುವುದಕ್ಕೆ ಲೈಸೆನ್ಸ್ ಬೇಕಿಲ್ಲ. ವೈರಿಂಗ್ ಬದಲಿಸುವುದು, ಹೊಸ ಲೈನು ಸೇರಿಸುವುದು ಮಾತ್ರ ಸರ್ಕಾರದ ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಂಟ್ರಾಕ್ಟರ್ ಮೂಲಕವೇ ಆಗಬೇಕು ಎನ್ನುತ್ತದೆ ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮ. ಕರ್ನಾಟಕದಲ್ಲಿ ಈ ಲೈಸೆನ್ಸನ್ನೂ ಸೂಪರ್‌ವೈಸರ್, ವೈರ್‌ಮನ್ ಪರ್ಮಿಟ್‌ಗಳನ್ನೂ ಕೊಡುವುದು ವಿದ್ಯುತ್ ಪರಿವೀಕ್ಷಣಾಲಯ. ಲೈಸೆನ್ಸಿನ ಪ್ರತಿ ಕೇಳಿ, ಅವಧಿ ಮುಗಿದಿಲ್ಲ ಎಂದು ನೋಡಿ.

ಇಲ್ಲೊಂದು ಒಳಗುಟ್ಟಿದೆ. ಎಷ್ಟೋ ಕಡೆ ಕೆಲಸ ಮಾಡುವವರು ಒಬ್ಬರು, ಲೈಸೆನ್ಸ್ ಇನ್ನೊಬ್ಬರದು. ಅವರು ಮನೆ ಮುಖ ನೋಡದೆ ಫಾರ್ಮಿಗೆ ಸಹಿ ಹಾಕಿ ಕಳಿಸುತ್ತಾರೆ. ಆದ್ದರಿಂದ ಮೊದಲೇ ಕೇಳಿಬಿಡಿ: ಸಹಿ ಹಾಕುವವರು ಕೆಲಸದ ನಡುವೆ ಎಷ್ಟು ಸಲ ಬಂದು ನೋಡುತ್ತಾರೆ? ಕಡೇಪಕ್ಷ ಎರಡು ಸಲ ಬರಲೇಬೇಕು. ಪೈಪು, ಬಾಕ್ಸ್ ಕೂಡಿಸಿ ಗಾರೆ ಮುಚ್ಚುವ ಮೊದಲು ಒಮ್ಮೆ, ಕೊನೆಯ ಟೆಸ್ಟಿನ ದಿನ ಇನ್ನೊಮ್ಮೆ.

ಮೂರು ಜನರನ್ನು ಕರೆಸಿ ನೋಡಿಸಿ. ಹಾಲಿನಲ್ಲಿ ನಿಂತು ಸೂರು ನೋಡಿ, "ಇಷ್ಟಾಗುತ್ತೆ ಸಾರ್" ಎಂದು ಒಂದು ಸಂಖ್ಯೆ ಹೇಳುವವರನ್ನು ಅಲ್ಲಿಗೇ ಬಿಡಿ. ಗಂಟೆ ಹೊತ್ತು ಇದ್ದು ಮೇನ್ ಬೋರ್ಡ್ ಬಿಚ್ಚಿ, ನಾಲ್ಕಾರು ಸ್ವಿಚ್ ಬೋರ್ಡ್ ತೆಗೆದು, ಅಟ್ಟ ಹತ್ತಿ, ಅರ್ಥ್ ಗುಂಡಿ ಎಲ್ಲಿದೆ ಎಂದು ಕೇಳುವವರು ಬೇಕು. ಅವರ ಚೀಲದಲ್ಲಿ ಬರೀ ಟೆಸ್ಟರ್ ಇದೆಯೋ, ಮಲ್ಟಿಮೀಟರ್, ಮೆಗ್ಗರ್ ಇದೆಯೋ ಗಮನಿಸಿ. ಮೆಗ್ಗರ್ ಇಲ್ಲದವರು ಹೊಸ ಬಲ್ಬ್ ಹಾಕಲು ಅಡ್ಡಿಯಿಲ್ಲ, ಹೊಸ ವೈರಿಂಗ್‌ಗೆ ಸಾಲದು.

ಒಂದು ಪ್ರಶ್ನೆ ಎಲ್ಲರಿಗೂ ಕೇಳಿ: "ನಮ್ಮನೆಗೆ ಆರ್‌ಸಿಸಿಬಿ ಬೇಕಾ ಅಣ್ಣಾ?" "ಬೇಡ ಸಾರ್, ಮಳೆಗಾಲದಲ್ಲಿ ಸುಮ್ಮಸುಮ್ಮನೆ ಟ್ರಿಪ್ ಆಗ್ತಿರುತ್ತೆ" ಎಂದರೆ ಅವರಿಗೆ ಕೆಲಸ ಕೊಡಬೇಡಿ. ಆರ್‌ಸಿಸಿಬಿ ಸುಮ್ಮನೆ ಟ್ರಿಪ್ ಆಗುವುದಿಲ್ಲ. ಎಲ್ಲೋ ಸೋರಿಕೆ ಇದೆ, ಇಲ್ಲವೇ ನ್ಯೂಟ್ರಲ್ ಬೆರೆತಿದೆ. "ಒಂದಲ್ಲ, ಎರಡು ಹಾಕೋಣ, ಅಡುಗೆಮನೆ–ಬಚ್ಚಲಿಗೆ ಬೇರೆ" ಎನ್ನುವವರಿಗೆ ವಿಷಯ ಗೊತ್ತು. ಟೆಸ್ಟ್ ಲ್ಯಾಂಪ್ ಹಿಡಿದು ಫೇಸಿಗೂ ಅರ್ಥಿಗೂ ನಡುವೆ ಬಲ್ಬು ಉರಿಸಿ "ಅರ್ಥ್ ಚೆನ್ನಾಗಿದೆ" ಎಂದು ತೋರಿಸುವ ಆಟ ನೀವಾಗಿ ಆಡಬೇಡಿ. ಅರ್ಥ್ ವೈರು ಗುಂಡಿಗೆ ತಲುಪದೆ ನಡುವೆ ಕಡಿದಿದ್ದರೆ, ಆ ಬಲ್ಬಿನ ಮೂಲಕವೇ ಮನೆಯ ಎಲ್ಲ ಅರ್ಥ್ ಪಿನ್ನುಗಳಿಗೂ ಕರೆಂಟ್ ಹತ್ತುತ್ತದೆ.

ಎಸ್ಟಿಮೇಟ್ ಹೇಗಿರಬೇಕು

ಹೊಸ ಮನೆಗೆ ಚದರಡಿ ಲೆಕ್ಕ ನಡೆಯುತ್ತದೆ. ಹಳೆ ಮನೆಗೆ ಪಾಯಿಂಟ್ ಲೆಕ್ಕವೇ ಸರಿ, ಏಕೆಂದರೆ ಗೋಡೆ ಕೊರೆಯುವ ಕಷ್ಟ ಮನೆಯಿಂದ ಮನೆಗೆ ಬೇರೆ. ಜಗಳ ಹುಟ್ಟುವುದು "ಪಾಯಿಂಟ್" ಎಂಬ ಶಬ್ದದಲ್ಲೇ. ಲೈಟ್ ಬೋರ್ಡಿನಲ್ಲೇ ಇರುವ 6 ಆಂಪಿಯರ್ ಪ್ಲಗ್ ಒಂದು ಪೂರ್ತಿ ಪಾಯಿಂಟೋ ಅರ್ಧವೋ? ಮೆಟ್ಟಿಲಿನ ಟು–ವೇ ಸ್ವಿಚ್ ಒಂದೋ ಎರಡೋ? ಡಿಬಿಯಿಂದ ನೇರ ಬರುವ 16 ಆಂಪಿಯರ್ ಪವರ್ ಪಾಯಿಂಟಿಗೆ ಎಷ್ಟು? ಕೋಣೆ ಕೋಣೆಗೆ ಪಾಯಿಂಟ್ ಎಣಿಸಿ ಕಾಗದದ ಮೇಲೆ ಬರೆಸಿ.

ಇದಲ್ಲದೆ ಬರವಣಿಗೆಯಲ್ಲಿ ಇರಲೇಬೇಕಾದವು: ಯಾವ ಲೈನಿಗೆ ಎಷ್ಟು ಎಂಎಂ ವೈರು (ವೈರಿನ ಮಟ್ಟಿಗೆ ಎಂಎಂ ಎಂದರೆ ಚದರ ಮಿಲಿಮೀಟರ್), ಯಾವ ಬ್ರ್ಯಾಂಡ್, ಡಿಬಿ ಎಷ್ಟು ವೇ (ಎಷ್ಟು ಲೈನಿಗೆ ಜಾಗ), ಆರ್‌ಸಿಸಿಬಿ ಎಷ್ಟು, ಅರ್ಥ್ ಗುಂಡಿ ತೋಡುವುದು ಯಾರ ಪಾಲು, ಗೋಡೆ ಕೊರೆದ ಜಾಗಕ್ಕೆ ಗಾರೆ ಮೆತ್ತುವುದು, ಬಣ್ಣ ಹೊಡೆಯುವುದು ಸೇರಿದೆಯೇ, ಲೋಡ್ ಅರ್ಜಿಯ ಓಡಾಟ ಯಾರದು. ಕಿತ್ತ ಹಳೆ ತಾಮ್ರ ಯಾರಿಗೆ ಸೇರಬೇಕು ಎಂಬುದನ್ನೂ ಬರೆದುಬಿಡಿ. ಗುಜರಿಯಲ್ಲಿ ಅದಕ್ಕೆ ಒಳ್ಳೆ ಬೆಲೆಯಿದೆ, ಅದರ ಮೇಲೆ ಎಲ್ಲರಿಗೂ ಕಣ್ಣಿರುತ್ತದೆ.

ದುಡ್ಡನ್ನು ನಾಲ್ಕು ಕಂತು ಮಾಡಿ: ಪೈಪು–ಬಾಕ್ಸ್ ಕೂತ ಮೇಲೆ ಶೇ 30, ವೈರ್ ಎಳೆದ ಮೇಲೆ ಶೇ 30, ಟೆಸ್ಟ್ ಮುಗಿದು ಕಾಗದ ಕೈಗೆ ಬಂದ ಮೇಲೆ ಶೇ 30. ಉಳಿದ ಶೇ 10 ಒಂದು ತಿಂಗಳು ಕೈಯಲ್ಲಿರಲಿ. ಸಾಮಾನನ್ನು ನೀವೇ ಕೊಳ್ಳುವುದು ಒಳ್ಳೆಯದು, ಆದರೆ ಪಟ್ಟಿ ಅವರದಿರಲಿ.

ಸಾಮಾನು: ಎಷ್ಟು ಎಂಎಂ, ಎಷ್ಟು ಕಾಯಿಲ್

ವೈರಿನ ದಪ್ಪವೂ ಎಂಸಿಬಿಯ ಆಂಪಿಯರೂ ಜೋಡಿ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನಾಗಿ ಬೀಳುವ ಸ್ವಿಚ್ಚು, ಇರುವುದು ವೈರನ್ನು ಕಾಪಾಡಲು. ವೈರು ತಡೆಯುವುದಕ್ಕಿಂತ ದೊಡ್ಡ ಎಂಸಿಬಿ ಹಾಕಿದರೆ ವೈರೇ ಫ್ಯೂಸ್ ಆಗುತ್ತದೆ, ಅದೂ ಗೋಡೆಯೊಳಗೆ. ತಾಮ್ರದ ವೈರಿಗೆ ಮನೆಯಲ್ಲಿ ಈ ಅಳತೆಗಳು ಸಾಕು:

- ಲೈಟು, ಫ್ಯಾನು, ಚಿಕ್ಕ ಪ್ಲಗ್: 1.5 ಎಂಎಂ, 10 ಆಂಪಿಯರ್ ಎಂಸಿಬಿ, ಬಿ ಕರ್ವ್ (ಕರ್ವ್ ಎಂದರೆ ಎಷ್ಟು ಪಟ್ಟು ಕರೆಂಟಿಗೆ ಎಂಸಿಬಿ ತಕ್ಷಣ ಬೀಳುತ್ತದೆ ಎಂಬ ಗುರುತು)
- 16 ಆಂಪಿಯರ್ ಸಾಕೆಟ್, 2 ಕಿಲೋವ್ಯಾಟ್ ಗೀಸರ್, ವಾಷಿಂಗ್ ಮಷೀನ್: 2.5 ಎಂಎಂ, 16 ಆಂಪಿಯರ್
- ಎಸಿ, 3 ಕಿಲೋವ್ಯಾಟ್ ಇನ್‌ಸ್ಟಂಟ್ ಗೀಸರ್: 4 ಎಂಎಂ, 20 ಆಂಪಿಯರ್, ಎಸಿಗೂ ಪಂಪಿಗೂ ಸಿ ಕರ್ವ್
- ಮೀಟರಿನಿಂದ ಡಿಬಿಗೆ: 40 ಆಂಪಿಯರ್ ಮೇನ್ ಆದರೆ 10 ಎಂಎಂ

ಪಂಪಿಗೆ ಸಿ ಕರ್ವ್ ಏಕೆಂದರೆ ಮೋಟರ್ ಹೊರಡುವ ಕ್ಷಣ ಓಡುವಾಗಿನ ಹಲವು ಪಟ್ಟು ಕರೆಂಟ್ ಎಳೆಯುತ್ತದೆ; ಬಿ ಕರ್ವ್ ಅದನ್ನೇ ಶಾರ್ಟ್ ಎಂದು ತಿಳಿದು ಬೀಳುತ್ತದೆ. ಆಗ ಅರೆಬರೆ ತಿಳಿದವರು 32 ಆಂಪಿಯರ್ ಎಂಸಿಬಿ ಹಾಕಿ "ಸರಿ" ಮಾಡುತ್ತಾರೆ. ಬದಲಾಗಬೇಕಾದದ್ದು ಕರ್ವ್, ಆಂಪಿಯರ್ ಅಲ್ಲ.

ವೈರಿನ ಲೆಕ್ಕ ಸುಲಭ. ಡಿಬಿಯಿಂದ ಗೀಸರಿಗೆ ಗೋಡೆಗುಂಟ 9 ಮೀಟರ್, ಹತ್ತಿಳಿಯಲು 3, ಒಟ್ಟು 12. ಇಂಥ ಐದು ಪವರ್ ಲೈನುಗಳು ಸರಾಸರಿ 13 ಮೀಟರಿನಂತೆ 65 ಮೀಟರ್. ಒಂದು ಕಾಯಿಲ್ 90 ಮೀಟರ್, ಒಂದು ಕಾಯಿಲಿಗೆ ಒಂದೇ ಬಣ್ಣ. ಫೇಸಿಗೆ ಕೆಂಪು, ನ್ಯೂಟ್ರಲಿಗೆ ಕಪ್ಪು, ಅರ್ಥಿಗೆ ಹಸಿರು ಅಂದರೆ 2.5 ಎಂಎಂನಲ್ಲಿ ಮೂರು ಕಾಯಿಲ್. ಪ್ರತಿ ಬಣ್ಣದಲ್ಲೂ 25 ಮೀಟರ್ ಉಳಿಯುತ್ತದೆ. ಹಸಿರು ಮುಗಿಯಿತೆಂದು ಕಪ್ಪನ್ನೇ ಅರ್ಥಿಗೆ ಎಳೆಯಲು ಬಿಡಬೇಡಿ. ಹತ್ತು ವರ್ಷದ ನಂತರ ಬೋರ್ಡ್ ಬಿಚ್ಚುವವರಿಗೆ ಆ ಬಣ್ಣ ಬಿಟ್ಟರೆ ಬೇರೆ ಸಾಕ್ಷಿ ಇರುವುದಿಲ್ಲ.

ನಕಲಿ ವೈರಿಗೆ ಒಂದು ಸರಳ ಪರೀಕ್ಷೆ ಇದೆ. 90 ಮೀಟರಿನ 2.5 ಎಂಎಂ ಕಾಯಿಲಿನಲ್ಲಿ ತಾಮ್ರ ಒಂದೇ ಸುಮಾರು 2 ಕಿಲೋ ಇರಬೇಕು, 1.5 ಎಂಎಂಗೆ ಸುಮಾರು 1.2 ಕಿಲೋ. ಮೇಲಿನ ಪಿವಿಸಿ ಸೇರಿ ತೂಕ ಇನ್ನೂ ಹೆಚ್ಚೇ ಆಗಬೇಕು. ಇಡೀ ಕಾಯಿಲೇ ಇದಕ್ಕಿಂತ ಕಡಿಮೆ ತೂಗಿದರೆ ಒಳಗೆ ತಾಮ್ರ ಕದ್ದಿದ್ದಾರೆ, ಇಲ್ಲವೇ ಮೀಟರ್ ಕದ್ದಿದ್ದಾರೆ. ಐಎಸ್‌ಐ ಗುರುತಿನ ಜೊತೆ ಐಎಸ್ 694 ಎಂಬ ಸಂಖ್ಯೆ, ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರುತ್ತದೆ. ಅದನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿ ನೋಡಬಹುದು.

ಗೋಡೆಯ ಕೆಲಸ

ಇಟ್ಟಿಗೆ ಗೋಡೆ, ಸಿಮೆಂಟ್ ಗಾರೆ ಆದರೆ ಕಟರ್ ಹಾಕಿ ಕೊರೆದು ಪೈಪ್ ಹುದುಗಿಸಬಹುದು. ಪೈಪು ಸೀದಾ ಮೇಲೆ–ಕೆಳಗೆ ಅಥವಾ ಸೀದಾ ಅಡ್ಡ ಹೋಗಬೇಕು, ಓರೆಯಾಗಿ ಬೇಡವೇ ಬೇಡ. ಓರೆ ಹೋದ ಪೈಪು ಎಲ್ಲಿದೆ ಎಂದು ನೆನಪಿಡುವವರಾರು? ಮುಂದೊಮ್ಮೆ ಕ್ಯಾಲೆಂಡರಿಗೆ ಮೊಳೆ ಹೊಡೆದಾಗ ತಾನಾಗಿ ಗೊತ್ತಾಗುತ್ತದೆ. ನಾಲ್ಕೂವರೆ ಇಂಚಿನ ಗೋಡೆಯಲ್ಲಿ ಉದ್ದಕ್ಕೆ ಅಡ್ಡ ಕೊರೆಯಬಾರದು, ಗೋಡೆ ದುರ್ಬಲವಾಗುತ್ತದೆ. ಸೂರಿನ ಕೆಳಗೆ ಅಡ್ಡ ಹೋಗಿ ಅಲ್ಲಿಂದ ಇಳಿಸಲಿ.

ಮಣ್ಣಿನ ಗೋಡೆ, ಸುಣ್ಣದ ಗಾರೆ, ಕರಾವಳಿಯ ಮುರಕಲ್ಲು, ಮಲೆನಾಡಿನ ಹಂಚಿನ ಮನೆ ಇವುಗಳ ವಿಷಯ ಬೇರೆ. ಕಟರ್ ಇಟ್ಟರೆ ಅಂಗೈಯಗಲದ ಗಾರೆ ಕಳಚಿ ಬೀಳುತ್ತದೆ, ಮತ್ತೆ ಮೆತ್ತಿದ ಸಿಮೆಂಟ್ ಸುಣ್ಣಕ್ಕೆ ಅಂಟುವುದಿಲ್ಲ. ಇಂಥ ಮನೆಗೆ ಹೊರಗಿನಿಂದಲೇ ಪಿವಿಸಿ ಪೈಪು ಅಥವಾ ಕೇಸಿಂಗ್ ಪಟ್ಟಿ ಹಾಕಿಸುವುದೇ ಜಾಣತನ. ಚೆಂದ ಕಡಿಮೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹಳೆ ತೇಗದ ಪಟ್ಟಿಯೂ ಹೊರಗೇ ಇತ್ತಲ್ಲ. ತೊಲೆಯ ಮಗ್ಗುಲಲ್ಲಿ, ಬಾಗಿಲುವಾಡದ ಅಂಚಿನಲ್ಲಿ ಹೋದರೆ ಕಣ್ಣಿಗೆ ಅಷ್ಟಾಗಿ ಬೀಳುವುದೂ ಇಲ್ಲ. ಅಟ್ಟದ ಮೇಲೆ ಮಾತ್ರ ವೈರನ್ನು ಬರಿದೇ ಬಿಡದೆ ಗಟ್ಟಿ ಪೈಪಿನೊಳಗೇ ಹಾಕಿಸಿ. ಹಂಚಿನ ಕೆಳಗೆ ಇಲಿಗೆ ತಿನ್ನಲು ಬೇರೇನೂ ಸಿಗದಾಗ ಪಿವಿಸಿಯೂ ಆದೀತು.

ಆರ್‌ಸಿಸಿ ಸೂರಿನೊಳಗೆ ಹಳೆ ಕಬ್ಬಿಣದ ಪೈಪಿದ್ದರೆ ಹಳೆ ವೈರಿಗೆ ಹೊಸ ವೈರು ಕಟ್ಟಿ ಎಳೆದು ನೋಡುತ್ತಾರೆ. ಒಳಗೆ ತುಕ್ಕು ಹಿಡಿದಿದ್ದರೆ ಹೊಸ ವೈರಿನ ಸಿಪ್ಪೆ ಸುಲಿಯುತ್ತದೆ, ಹೊರಗಿನಿಂದ ಏನೂ ಕಾಣದು. ಎಳೆದ ಮೇಲೆ ಆ ಲೈನಿಗೆ ಆಗಲೇ ಮೆಗ್ಗರ್ ಹಾಕಿಸಿ. ಫೇಲಾದರೆ ಆ ಪೈಪನ್ನು ಕೈಬಿಟ್ಟು ಸೂರಿನ ಕೆಳಗೆ ಹೊಸ ದಾರಿ.

20 ಮಿಲಿಮೀಟರ್ ಪೈಪಿನಲ್ಲಿ 1.5 ಎಂಎಂನ ಐದಾರು ವೈರಿಗಿಂತ ಹೆಚ್ಚು ತುರುಕಬಾರದು. ಪೈಪಿನ ನಡುವೆ ಜಾಯಿಂಟ್ ಇರಲೇಕೂಡದು. ಜಾಯಿಂಟ್ ಏನಿದ್ದರೂ ಬಿಚ್ಚಿ ನೋಡಬಹುದಾದ ಬಾಕ್ಸಿನಲ್ಲಿ. ಗಾರೆ ಮುಚ್ಚುವ ಹಿಂದಿನ ಸಂಜೆ ಟೇಪು ಹಿಡಿದು ಪ್ರತಿ ಗೋಡೆಯ ಫೋಟೊ ತೆಗೆಯಿರಿ: ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು. ಗೀಸರಿನ 20 ಆಂಪಿಯರ್ ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಸ್ವಿಚ್ ಬಚ್ಚಲಿನ ಹೊರಗಿರಲಿ.

ಮನೆಯಲ್ಲಿ ಇದ್ದುಕೊಂಡೇ ಕೆಲಸ ಮಾಡಿಸುವುದಾದರೆ ಒಂದೊಂದೇ ಕೋಣೆ ಬಿಡಿಸಿಕೊಡಿ, ಅಡುಗೆಮನೆ ಕೊನೆಗೆ. ಆ ದಿನಗಳಿಗೆ ಆರ್‌ಸಿಸಿಬಿ ಇರುವ ಒಂದು ತಾತ್ಕಾಲಿಕ ಬೋರ್ಡ್ ಮಾಡಿಸಿಕೊಳ್ಳಿ. ಮೀಟರಿನ ಸೀಲ್ ಮುರಿಯುವ ಹಕ್ಕು ನಿಮಗೂ ಇಲ್ಲ, ಕಂಟ್ರಾಕ್ಟರಿಗೂ ಇಲ್ಲ. ಮೀಟರಿಗಿಂತ ಹಿಂದಿನ ಸರಬರಾಜು ನಿಲ್ಲಿಸಬೇಕಾದರೆ ಸೆಕ್ಷನ್ ಆಫೀಸಿಗೆ ಹೇಳಿ ಲೈನ್‌ಮನ್ನರನ್ನೇ ಕರೆಸಬೇಕು.

ಅರ್ಥಿಂಗ್ ಇದ್ದೂ ಆರ್‌ಸಿಸಿಬಿ ಏಕೆ

"ಅರ್ಥ್ ಗುಂಡಿ ಹೊಸದು ತೋಡಿದ್ದೀವಲ್ಲ, ಇನ್ನು ಆರ್‌ಸಿಸಿಬಿ ಯಾಕೆ" ಎಂಬ ಮಾತು ಬಂದೇ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಗುಂಡಿಯ ರೆಸಿಸ್ಟೆನ್ಸ್ 5 ಓಮ್, ಅಂದರೆ ಒಳ್ಳೆಯ ಗುಂಡಿಯೇ. ಗೀಸರಿನೊಳಗೆ ಫೇಸ್ ಅದರ ಮೈಗೆ ತಾಗಿತು. ಹರಿಯುವ ಕರೆಂಟ್ 230 ಭಾಗಿಸು 5, ಅಂದರೆ 46 ಆಂಪಿಯರ್. 16 ಆಂಪಿಯರಿನ ಬಿ ಕರ್ವ್ ಎಂಸಿಬಿ ತಕ್ಷಣ ಬೀಳಲು ಅದರ ಮೂರರಿಂದ ಐದು ಪಟ್ಟು, ಅಂದರೆ 48ರಿಂದ 80 ಆಂಪಿಯರ್ ಬೇಕು. 46 ಸಾಲದು! ಎಂಸಿಬಿ ಬಿಸಿಯಾಗಿ ಬೀಳುವವರೆಗಿನ ಸೆಕೆಂಡುಗಳಲ್ಲಿ ಗೀಸರಿನ ಮೈಯಲ್ಲಿ, ನಲ್ಲಿಯಲ್ಲಿ ವೋಲ್ಟೇಜ್ ಇರುತ್ತದೆ. ಬೇಸಿಗೆಯಲ್ಲಿ ಗುಂಡಿ ಒಣಗಿ 20 ಓಮ್ ಆದರೆ ಕರೆಂಟ್ ಹನ್ನೊಂದೂವರೆ ಆಂಪಿಯರ್. ಎಂಸಿಬಿ ಬೀಳುವುದೇ ಇಲ್ಲ. 30 ಮಿಲಿಆಂಪಿಯರಿನ ಆರ್‌ಸಿಸಿಬಿಯಾದರೆ ಎರಡೂ ಸಂದರ್ಭದಲ್ಲಿ 0.3 ಸೆಕೆಂಡಿನೊಳಗೆ ಬೀಳುತ್ತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರ್; 100, 300 ಎಂದು ಬರೆದಿರುವುದು ಮನುಷ್ಯರನ್ನು ಕಾಪಾಡುವುದಲ್ಲ. ವಾಷಿಂಗ್ ಮಷೀನ್, ಇನ್ವರ್ಟರ್ ಎಸಿ ಇರುವ ಲೈನಿಗೆ ಟೈಪ್ ಎ ಎಂಬ ಬಗೆಯ ಆರ್‌ಸಿಸಿಬಿ ಕೇಳಿ.

ಅದಕ್ಕೂ ಮಿತಿಯಿದೆ. ಓವರ್‌ಲೋಡ್ ಆದರೆ ಆರ್‌ಸಿಸಿಬಿಗೆ ತಿಳಿಯದು, ಅದು ಎಂಸಿಬಿಯ ಕೆಲಸ. ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದರೂ ಅದಕ್ಕೆ ತಿಳಿಯದು.

ಗುಂಡಿ ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರದಲ್ಲಿರಲಿ. ಎರಡೂವರೆ ಮೀಟರ್ ಉದ್ದದ, 40 ಮಿಲಿಮೀಟರಿನ ಜಿಐ ಪೈಪಿಗೆ ತೂತು ಕೊರೆದು, ಸುತ್ತ ಇದ್ದಿಲು–ಉಪ್ಪು ಪದರ ಪದರವಾಗಿ ತುಂಬುವುದು ಹಳೆ ಕ್ರಮ, ಈಗಲೂ ನಡೆಯುತ್ತದೆ. ಉಪ್ಪು ಪೈಪನ್ನೇ ತಿನ್ನುತ್ತದೆ, ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ನೀರು ಹಾಕುವ ನಂಬಿಕೆ ಇಲ್ಲದಿದ್ದರೆ ಬೆಂಟೊನೈಟ್ ಜೇಡಿಯ ಕಾಂಪೌಂಡ್ ತುಂಬಿದ ಕೆಮಿಕಲ್ ಅರ್ಥಿಂಗ್ ಮಾಡಿಸಿ. ಬಂಡೆ ಸಿಕ್ಕಿ ಆಳ ಹೋಗದಿದ್ದರೆ ಪೈಪನ್ನು ತುಂಡು ಮಾಡಿ ನೆಟ್ಟು ಮುಚ್ಚಿಬಿಡುವ ಚಾಳಿ ಇದೆ. ಅಲ್ಲಿ ಪಟ್ಟಿಯನ್ನು ಅಡ್ಡಡ್ಡ ಉದ್ದಕ್ಕೆ ಹೂಳುವುದು ಸರಿಯಾದ ದಾರಿ. ಆದ್ದರಿಂದ ಗುಂಡಿ ತೋಡುವ ದಿನ ಮನೆಯಲ್ಲಿರಿ.

ಡಿಬಿಯೊಳಗೆ: ನ್ಯೂಟ್ರಲ್ ಬೆರೆಯಬಾರದು

ಹೊಸ ವೈರಿಂಗ್ ಆದ ವಾರದಲ್ಲೇ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳುತ್ತದೆ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಆರ್‌ಸಿಸಿಬಿ ನೋಡುವುದು ಒಂದೇ: ಫೇಸಿನಲ್ಲಿ ಹೋದದ್ದೆಲ್ಲ ಅದೇ ಜೋಡಿಯ ನ್ಯೂಟ್ರಲಿನಲ್ಲಿ ವಾಪಸು ಬಂತೆ? ಎರಡು ಆರ್‌ಸಿಸಿಬಿ ಇದ್ದರೆ ಎರಡು ನ್ಯೂಟ್ರಲ್ ಬಾರ್ ಇರಬೇಕು. ಹಾಲಿನ ಫೇಸು ಒಂದರಿಂದ, ನ್ಯೂಟ್ರಲ್ ಹತ್ತಿರ ಸಿಕ್ಕಿತೆಂದು ಇನ್ನೊಂದರಿಂದ ತೆಗೆದುಕೊಂಡರೆ ಎರಡೂ ಬೀಳುತ್ತವೆ. ಮೆಟ್ಟಿಲಿನ ಟು–ವೇ ಲೈಟು ಇದಕ್ಕೆ ಪ್ರಸಿದ್ಧ: ಕೆಳಗಿನ ಬೋರ್ಡಿನಿಂದ ಫೇಸ್, ಮೇಲಿನ ಬೋರ್ಡಿನಿಂದ ನ್ಯೂಟ್ರಲ್.

ಇನ್ವರ್ಟರ್ ಎರಡನೇ ಆರೋಪಿ. ಇನ್ವರ್ಟರಿನಿಂದ ಫೇಸನ್ನು ಮಾತ್ರ ಲೈಟಿಗೆ ಎಳೆದು, ನ್ಯೂಟ್ರಲನ್ನು ಮನೆಯ ಸಾಮಾನ್ಯ ನ್ಯೂಟ್ರಲಿಗೇ ಬಿಡುವುದು ಹಳೆ ಅಭ್ಯಾಸ. ಇನ್ವರ್ಟರಿಗೆ ಬರುವ ಲೈನು ಒಂದು ಆರ್‌ಸಿಸಿಬಿಯಲ್ಲಿ, ಆ ಲೈಟಿನ ನ್ಯೂಟ್ರಲ್ ಇನ್ನೊಂದರಲ್ಲಿ ಇದ್ದರೆ ಟ್ರಿಪ್ ಖಂಡಿತ. ಇನ್ವರ್ಟರ್ ಲೋಡಿಗೆ ಬೇರೆಯೇ ಫೇಸ್–ನ್ಯೂಟ್ರಲ್ ಜೋಡಿ ಎಳೆಯುವುದನ್ನು ಎಸ್ಟಿಮೇಟಿನಲ್ಲೇ ಸೇರಿಸಿ, ಇನ್ವರ್ಟರ್ ಈಗ ಇಲ್ಲದಿದ್ದರೂ. ಇದನ್ನೆಲ್ಲ ಹುಡುಕುವ ತಾಳ್ಮೆಯಿಲ್ಲದವರು ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿ ಹೋಗುತ್ತಾರೆ. ಡಿಬಿಯಲ್ಲಿ ಅದು ಕೂತಿರುತ್ತದೆ, ಕೆಲಸ ಮಾತ್ರ ಇಲ್ಲ.

ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಇನ್ನೂ ನಾಜೂಕು. ಮೇನಿನಲ್ಲಿ ಅದು ಸಡಿಲವಾದರೆ ಒಂದು ಫೇಸಿನಲ್ಲಿ ವೋಲ್ಟೇಜ್ ಕುಸಿದು ಇನ್ನೊಂದರಲ್ಲಿ 300 ದಾಟಬಹುದು; ಟಿವಿ, ಫ್ರಿಜ್ ಸುಟ್ಟುಹೋಗುತ್ತವೆ. ಅಲ್ಲಿ ಫ್ಯೂಸ್ ಬೇಡ, ಗಟ್ಟಿ ಲಿಂಕ್ (ಕರಗದ ಲೋಹದ ಜೋಡಣೆ) ಬೇಕು. ಸಿಡಿಲಿನ ಊರುಗಳಲ್ಲಿ, ಮಲೆನಾಡಿನಲ್ಲಂತೂ, ಮೇನಿನ ಬಳಿ ಸರ್ಜ್ ಪ್ರೊಟೆಕ್ಟರ್ (ದಿಢೀರ್ ಏರುವ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಸಾಧನ) ಹಾಕಿಸಿ. ಅರ್ಥಿಂಗ್ ಕೆಟ್ಟಿದ್ದರೆ ಅದು ನಿಷ್ಪ್ರಯೋಜಕ.

ಟೆಸ್ಟಿನ ದಿನ

ಲೈಟು ಹತ್ತಿತು, ಫ್ಯಾನು ತಿರುಗಿತು ಎಂಬುದು ಟೆಸ್ಟ್ ಅಲ್ಲ. ನಿಮ್ಮ ಮುಂದೆ ಈ ಕ್ರಮದಲ್ಲಿ ಮಾಡಿಸಿ.

ಮೇನ್ ಆಫ್ ಮಾಡಿ, ಬಲ್ಬು, ಫ್ಯಾನ್ ರೆಗ್ಯುಲೇಟರ್, ಟಿವಿ ಎಲ್ಲ ಕಳಚಿ. 500 ವೋಲ್ಟಿನ ಮೆಗ್ಗರಿನಿಂದ ಪ್ರತಿ ಲೈನಿನಲ್ಲಿ ಫೇಸ್–ನ್ಯೂಟ್ರಲ್, ಫೇಸ್–ಅರ್ಥ್, ನ್ಯೂಟ್ರಲ್–ಅರ್ಥ್ ನೋಡಲಿ. ಕನಿಷ್ಠ 1 ಮೆಗಾಓಮ್ ಇರಬೇಕು ಎಂಬುದು ಲೆಕ್ಕ. ಹೊಸ ವೈರಾದರೆ ನೂರಾರು ಬರುತ್ತದೆ. ಎರಡೋ ಮೂರೋ ಬಂದರೆ ಪಾಸಾಯಿತೆಂದು ಸಮಾಧಾನಪಡಬೇಡಿ, ಎಲ್ಲೋ ಒದ್ದೆ ಗಾರೆಯೋ ಸುಲಿದ ವೈರೋ ಇದೆ. ಎಲ್‌ಇಡಿ ಕಳಚದೆ ಮೆಗ್ಗರ್ ಹಾಕಿದರೆ ಓದಿಕೆಯೂ ಸುಳ್ಳು, ಎಲ್‌ಇಡಿಯೂ ಹೋಗುತ್ತದೆ.

ಆಮೇಲೆ ಪ್ರತಿ ಸಾಕೆಟ್ಟಿನ ಪೊಲಾರಿಟಿ. ಎದುರು ನಿಂತಾಗ ಮೇಲಿನದು ಅರ್ಥ್, ಬಲಗಡೆ ಫೇಸ್, ಎಡಗಡೆ ನ್ಯೂಟ್ರಲ್. ಸ್ವಿಚ್ ಕಡಿಯಬೇಕಾದದ್ದು ಫೇಸನ್ನು.

ಆರ್‌ಸಿಸಿಬಿಯ ಟೆಸ್ಟ್ ಬಟನ್ ಒತ್ತಿ ಬೀಳಿಸಿ ತೋರಿಸುತ್ತಾರೆ. ಅದು ಒಳಗಿನ ಯಂತ್ರ ಸರಿಯಿದೆ ಎಂದಷ್ಟೇ ಹೇಳುತ್ತದೆ. ನಿಮ್ಮ ಅಡುಗೆಮನೆಯ ಸಾಕೆಟ್ಟಿಗೆ ಅರ್ಥ್ ತಲುಪಿದೆಯೇ ಎಂದು ಹೇಳುವುದಿಲ್ಲ. ಆರ್‌ಸಿಸಿಬಿ ಟೆಸ್ಟರನ್ನು ಒಂದೊಂದೇ ಸಾಕೆಟ್ಟಿಗೆ ಚುಚ್ಚಿ ಬೀಳಿಸಬೇಕು.

ಕೊನೆಗೆ ಲೋಡ್. ಗೀಸರ್, ಇಂಡಕ್ಷನ್, ಇಸ್ತ್ರಿ ಪೆಟ್ಟಿಗೆ, ಪಂಪು ಎಲ್ಲ ಆನ್ ಮಾಡಿ ಅರ್ಧ ಗಂಟೆ ಬಿಡಿ. ದೂರದ ಸಾಕೆಟ್ಟಿನಲ್ಲಿ ವೋಲ್ಟೇಜ್ ನೋಡಿ, ಅದೇ ಹೊತ್ತಿಗೆ ಮೇನಿನಲ್ಲೂ ನೋಡಿ. ಎರಡರ ನಡುವೆ 10–12 ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಳಗಿನ ಜಾಯಿಂಟ್ ಸಡಿಲ ಅಥವಾ ವೈರು ಸಣ್ಣದು. ಮೇನಿನಲ್ಲೇ ವೋಲ್ಟೇಜ್ ಬಿದ್ದರೆ ತೊಂದರೆ ಕಂಬದ ಕಡೆಯದು, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಹೇಳಿ. ಅರ್ಧ ಗಂಟೆಯ ನಂತರ ಎಂಸಿಬಿಗಳ ಮುಖ ಮುಟ್ಟಿ: ಬೆಚ್ಚಗಿದ್ದರೆ ಸರಿ, ಪಕ್ಕದವೆಲ್ಲ ಬೆಚ್ಚಗಿದ್ದು ಒಂದು ಮಾತ್ರ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಅದರ ಸ್ಕ್ರೂ ಬಿಗಿಯಾಗಿಲ್ಲ.

ಕಾಗದ, ಮತ್ತು ಉಳಿದ ಶೇ 10

ಕಂಟ್ರಾಕ್ಟರಿಂದ ಪಡೆಯಬೇಕಾದವು: ಲೈಸೆನ್ಸ್ ಸಂಖ್ಯೆ, ಸಹಿ ಇರುವ ಕಂಪ್ಲೀಷನ್ ಮತ್ತು ಟೆಸ್ಟ್ ರಿಪೋರ್ಟ್, ಮೆಗ್ಗರ್, ಅರ್ಥ್ ಓದಿಕೆಗಳು, ಯಾವ ಲೈನು ಎಲ್ಲಿಗೆ ಎಂಬ ನಕ್ಷೆ, ಸಾಮಾನಿನ ಬಿಲ್ಲುಗಳು. ಹೆಚ್ಚುವರಿ ಲೋಡಿನ ಅರ್ಜಿಗೂ ಈ ರಿಪೋರ್ಟ್ ಬೇಕಾಗುತ್ತದೆ, ಜೊತೆಗೆ ಬಿಲ್ಲಿನಲ್ಲಿರುವ ಆರ್‌ಆರ್ ಸಂಖ್ಯೆ. ಡಿಬಿ ಬಾಗಿಲಿನ ಒಳಗೆ ಪ್ರತಿ ಎಂಸಿಬಿಯ ಮುಂದೆ "ಅಡುಗೆಮನೆ ಪವರ್", "ಬಚ್ಚಲು ಗೀಸರ್", "ಮುಂದಿನ ಕೋಣೆ ಲೈಟು" ಎಂದು ಮನೆಯವರೆಲ್ಲ ಓದುವಂತೆ ಕನ್ನಡದಲ್ಲೇ ಬರೆಸಿ ಅಂಟಿಸಿ.

ತಿಂಗಳು ಕಳೆದ ಮೇಲೆ ಅವರನ್ನೇ ಕರೆಸಿ. ಬಿಸಿಯಾಗಿ ತಣಿದು ಹೊಸ ತಾಮ್ರದ ಎಳೆಗಳು ಸ್ಕ್ರೂ ಅಡಿಯಲ್ಲಿ ಒಂದಿಷ್ಟು ಕೂತಿರುತ್ತವೆ. ಮೇನ್ ಆಫ್ ಮಾಡಿ ಡಿಬಿಯ ಪ್ರತಿ ಸ್ಕ್ರೂವನ್ನೂ, 16 ಆಂಪಿಯರ್ ಸಾಕೆಟ್ಟುಗಳ ಹಿಂದಿನವನ್ನೂ ಮತ್ತೊಮ್ಮೆ ಬಿಗಿಸಲಿ. ಕೆಲವು ಕಾಲು ಸುತ್ತು ತಿರುಗುತ್ತವೆ. ಉಳಿಸಿಕೊಂಡ ಶೇ 10ನ್ನು ಅವತ್ತು ಕೊಡಿ.